ಅರಿಶಿನ ಮೊದಲು

ಬರ್ಕೊ ಸೌಗಂಧಿ. ಮೊದಲು ಅರಿಶಿನ.
ಕ್ರಿಸ್ಮಸ್ಸಿಗೂ ಅರಿಶಿನನಾ ಅಕ್ಕಾ ಅಂತ ನಗಬೇಡ.
ನಮ್ಮಮ್ಮ ಯಾವ ಚೀಟಿ ಬರೆಸಿದ್ರೂ ಅಲ್ಲಿಂದಲೇ ಶುರು.
ಇಷ್ಟಕ್ಕೂ ಸಾರಿಗೆ ಬೇಡ್ವಾ?
ಕಾಲು ಕೇಜಿ ಬರಿ.

ಆಮೇಲೆ ಅವರೆಕಾಯಿ.
ಬಸ್‌ಸ್ಟ್ಯಾಂಡ್ ಗಾಡಿದು ಬೇಡ, ನೀರು ಚಿಮುಕಿಸಿ ತೂಗ್ತವ್ರೆ.
ಬೇತಮಂಗಲದ ಕೆರೆ ಕೆಳಗೆ ಪಾಪಣ್ಣನ ಹೊಲದ್ದು ಆಗಬೇಕು,
ಮಂಜು ಬಿದ್ದು ಕೈಗೆ ಜಿಡ್ಡು ಹತ್ತಬೇಕು,
ಚೀಲ ಬಿಚ್ಚಿದ್ರೆ ಒಂದನೇ ಕ್ಲಾಸಿನ ತನಕ ಸೊಗಡು ಹೋಗಬೇಕು.
ಮೂವತ್ತು ಕೇಜಿ.
ನೂರಾ ಹನ್ನೆರಡು ಮಕ್ಕಳು, ಮೂರು ಜನ ಟೀಚರು, ಎಲೀಷ ಮೇಷ್ಟ್ರು,
ನಾನು, ನಾಗವೇಣಿ.
ಸುಲಿಯೋದು ನಿಮ್ಮ ಕ್ಲಾಸು, ಹಿತುಕೋದು ಎಲ್ಲರೂ.
ಕಾಳು ಚಿಮ್ಮಿ ಬೋರ್ಡಿಗೆ ಹೊಡೆದ್ರೆ ಹೊಡೀಲಿ,
ಬಾಯಿಗೆ ಹಾಕ್ಕೊಂಡೋರ ಹೆಸರು ಮಾತ್ರ ನನಗೆ ಹೇಳು.

ಅಕ್ಕಿ ಸರ್ಕಾರದ್ದು ಐತೆ. ಬರೀಬೇಡ.

ಕೋಳಿ ಅಂತ ಬರೆದಿದ್ಯಲ್ಲ, ಹೊಡೆದು ಹಾಕು.
ಮೇಷ್ಟ್ರಿಗೆ ಬಿರಿಯಾನಿ ಮಾಡಿಸೋ ಆಸೆ ಇತ್ತು.
ಮೀಟಿಂಗಲ್ಲಿ ಯಾರು ಬೇಡ ಅಂದ್ರು,
ಅಂದೋರು ಹಿಂದಿನ ಭಾನುವಾರ ಎಲ್ಲಿ ಕೂತು ಉಂಡಿದ್ರು,
ಅದೆಲ್ಲ ಈ ಚೀಟಿಗೆ ಬೇಡ.
ಮೇಷ್ಟ್ರು ಬರೀ ಚಾಕ್‌ಪೀಸು ತಿರುಗಿಸ್ತಾ ಕೂತಿದ್ರು,
ಕೊನೆಗೆ, ಹಂಗಾದ್ರೆ ಹಿತಿಕಿದ ಬೇಳೆ, ಅಂದ್ರು.
ನನಗೇನೋ ಖುಷಿಯೇ ಆಯ್ತು.
ಬಿರಿಯಾನಿ ಯಾವ ತಿಂಗಳಾದ್ರೂ ಆಯ್ತದೆ.

ಇಪ್ಪತ್ತಾರು ವರ್ಷ ಅವ್ರು ಇಲ್ಲಿ ಲೆಕ್ಕ ಹೇಳ್ಕೊಟ್ಟವ್ರೆ.
ಯುಗಾದಿ ಹೋಳಿಗೆ ತಿಂದವ್ರೆ, ಗಣೇಶನ ಕಡುಬು ತಿಂದವ್ರೆ,
ಶಾಹೀನಾ ಮನೆ ಶೀರ್‌ಕುರ್ಮಾ ಡಬ್ಬಿ ಬಂದ್ರೆ
ಮುಚ್ಚಳ ನೆಕ್ಕೋದು ನಾನೇ ನೋಡಿದೀನಿ.
ಮಾರ್ಚಿಗೆ ರಿಟೈರು.
ಒಂದು ಸಲ ನಮ್ಮನೆ ಹಬ್ಬದ ಊಟ ಮಕ್ಕಳಿಗೆ ಹಾಕ್ತೀನಿ ಗೌರಕ್ಕಾ ಅಂತ
ಲಕೋಟೆ ಕೊಟ್ರು. ಎಷ್ಟು ಅಂತ ಬರೀಬೇಡ.

ಮೈದಾ ಎಂಟು ಕೇಜಿ. ಸಕ್ಕರೆ. ಕಪ್ಪೆಳ್ಳು ಒಂದು ಪಾವು.
ತೆಂಗಿನಕಾಯಿ ಹದಿನೈದು. ಎಣ್ಣೆ ಒಂದು ಟಿನ್ನು.
ಮೊಟ್ಟೆ ಎರಡು ಡಜನ್ನು.
ಮೊಟ್ಟೆ ತಿನ್ನದ ಮಕ್ಕಳಿಗೆ ಬೇರೆ ಹಿಟ್ಟು, ಬೇರೆ ಬಾಣಲೆ.
ಆ ಬಾಣಲೆ ಶಾರದಾ ಟೀಚರ್ ಮನೆಯಿಂದ,
ಕೇಳೋದು ಮರೀಬೇಡ ಅಂತ ಮೂಲೇಲಿ ಬರಿ.

ಏನಕ್ಕೆ ಅಂತ ಕೇಳ್ತೀಯಾ?
ಹೋದ ವಾರ ಮೇಷ್ಟ್ರು ಪೇಪರಲ್ಲಿ ಸುತ್ತಿ ಒಂದು ಅಚ್ಚು ತಂದ್ರು,
ಕಬ್ಬಿಣದ ಹೂವು, ಅದಕ್ಕೊಂದು ಉದ್ದ ಹಿಡಿ.
ಜೊತೇಲಿ ಕ್ಯಾಲೆಂಡರ್ ಹಾಳೆ, ಹಿಂದುಗಡೆ
ಅವರ ಮನೆಯೋರ ಕೈಬರಹ, ತಮಿಳು.
ಮೇಷ್ಟ್ರಿಗೆ ಮಾತು ಬತ್ತದೆ, ಅಕ್ಷರ ಬರಲ್ಲ.
ನನಗೆ ಯಾವ ಅಕ್ಷರವೂ ಬರಲ್ಲ.
ಆಂಡರ್ಸನ್‌ಪೇಟೆಯಿಂದ ಬರೋ ಮೂರನೇ ಕ್ಲಾಸಿನ ಸೆಲ್ವಿ
ಎಣ್ಣೆ ಬಿದ್ದಿರೋ ಜಾಗ ಬಿಟ್ಟು ಬಾಕಿ ಓದ್ತೀನಿ ಅಂದ್ಳು.
ಎಣ್ಣೆ ಎಲ್ಲ ಕಡೆ ಬಿದ್ದಿತ್ತು.
ಉಳಿದಿದ್ದು ಅಂಕಿ. ಎರಡು. ಅರ್ಧ. ಹನ್ನೆರಡು.
ಏನು ಎರಡು, ಯಾತರಲ್ಲಿ ಅರ್ಧ?
ಅಷ್ಟು ಲೆಕ್ಕ ಹೇಳ್ಕೊಟ್ಟ ಮನುಷ್ಯ ಆ ಮೂರು ಅಂಕಿ ಮುಂದೆ
ಸುಮ್ನೆ ನಿಂತಿದ್ರು.

ಶನಿವಾರ ಬೆಲ್ಲಾದ ಮೇಲೆ ನಾನೇ ಒಲೆ ಹಚ್ಚಿದೆ.
ಒಂದನೇ ಹೂವು ಅಚ್ಚಿಗೇ ಅಂಟ್ಕೊಂತು. ಎರಡನೇದೂ.
ಹಿಟ್ಟು ತೆಳ್ಳಗೆ ಮಾಡಿದೆ, ಕಾಯಿಹಾಲು ಹಾಕಿದೆ,
ಬೈದೆ ಕೂಡ.
ಆಮೇಲೆ ಹೊಳೀತು, ಅಚ್ಚು ಎಣ್ಣೇಲಿ ಮುಳುಗಿ
ಚೆನ್ನಾಗಿ ಕಾಯಬೇಕು, ಆಮೇಲೇ ಹಿಟ್ಟಿಗೆ.
ಅದೂ ಮುಕ್ಕಾಲು ಮಾತ್ರ. ಪೂರಾ ಅದ್ದಿದ್ರೆ ಬಿಡಲ್ಲ.
ಆರನೇದು ಒಂಚೂರು ಅಲ್ಲಾಡಿಸಿದೆ, ತಾನಾಗೇ ಜಾರಿ
ಎಣ್ಣೆ ಮೇಲೆ ತಿರುಗ್ತಾ ನಿಂತ್ಕೊಂತು.
ಮೇಷ್ಟ್ರು ಬಿಸೀದೇ ಮುರಿದು ಬಾಯಿಗೆ ಹಾಕ್ಕೊಂಡ್ರು.
ಬಾಗಿಲ ಕಡೆ ತಿರುಗಿ ತುಂಬ ಹೊತ್ತು ಅಗೀತಾ ಇದ್ರು.
ಅಷ್ಟು ಹೊತ್ತು ಅಗಿಯೋಕೆ ಅದರಲ್ಲಿ ಏನೂ ಇರಲಿಲ್ಲ ಸೌಗಂಧಿ.
ಆಮೇಲೆ ಅಂದ್ರು,
ಅವಳು ಒಂದು ಚಿಟಿಕೆ ಉಪ್ಪು ಹಾಕ್ತಿದ್ಳು ಅನ್ಸುತ್ತೆ.

ಇದ್ಯಾಕೆ ಬರೀತಿದ್ದೀಯ, ಇದೆಲ್ಲ ಅಂಗಡಿಯೋನಿಗೆ ಯಾಕೆ?
ಹೊಡೆದು ಹಾಕು.
ಉಪ್ಪು ಬರ್ಕೊ. ಎರಡು ಪ್ಯಾಕೆಟ್ಟು.
ಬಾಳೆಎಲೆ ಎಷ್ಟು ಅಂದೆ?
ಬೇಡ, ಇನ್ನೂ ಐದು ಸೇರಿಸು,
ಯಾರದೋ ತಮ್ಮ ತಂಗಿ ಬಂದೇ ಬತ್ತವ್ರೆ.