ಯಾರು ಮಾತಾಡೋದು

ಇಪ್ಪತ್ತು ಫೆನಿಗ್‌ನ ನಾಣ್ಯ ಮಾತ್ರ ಹಿತ್ತಾಳೆಯದು,
ಮಿಕ್ಕ ಚಿಲ್ಲರೆಯೆಲ್ಲ ಊದಿದರೆ ಹಾರುವ ಅಲ್ಯೂಮಿನಿಯಂ.
ಶ್ವೆರೀನಿನ ಕ್ರೀಡಾಶಾಲೆಯ ಮೆಟ್ಟಿಲ ಕೆಳಗಿನ ಬೂತಿನಲ್ಲಿ
ಅದನ್ನು ತೂರಿಸಿ, ನಮ್ಮೂರ ಬೇಕರಿಗೆ ಫೋನು ಹಚ್ಚಿದೆ.
ಬೇಕರಿಯವಳು ಅಮ್ಮನನ್ನು ಕೂಗಿ ಕರೆತರುವಷ್ಟು ಹೊತ್ತು
ಒಲೆಯ ಬಾಗಿಲು ತೆರೆದು ಮುಚ್ಚುವ ಸದ್ದು ಕೇಳುತ್ತ ನಿಂತೆ.
ನನಗೆ ಹದಿನೈದು.
ಹಿಂದಿನ ದಿನ ನನ್ನ ಗುಂಡು ಹದಿನಾರು ಮೀಟರು ದಾಟಿತ್ತು.
ಹೇಳಬೇಕಿದ್ದದ್ದು ಅಷ್ಟೆ.

ಅಮ್ಮಾ, ಅಂದೆ.
ಯಾರು ಮಾತಾಡೋದು? ಅಂದಳು.
ನಾನೇ, ಅಮ್ಮಾ.
ನನಗೆ ಗಂಡುಮಕ್ಕಳಿಲ್ಲ, ಅಂದು
ಇಟ್ಟುಬಿಟ್ಟಳು.

ಆಮೇಲೆ ಕಾಗದ ಬರೆದೆ. ನೆಗಡಿ, ಅಂತ.
ಕಾಲುಚೀಲದಲ್ಲಿ ಸುತ್ತಿ ಒಂದು ಬಾಟಲಿ ಕಳಿಸಿದಳು,
ಈರುಳ್ಳಿ ಹೆಚ್ಚಿ, ಸಕ್ಕರೆ ಹಾಕಿ, ರಾತ್ರಿಯಿಡೀ ಇಟ್ಟು ಬಸಿದ ರಸ.
ಚಮಚ ಚಮಚ ಲೆಕ್ಕವಿಟ್ಟು ಕುಡಿದೆ.
ಬಾಟಲಿಯ ತಳ ಕಂಡಿತು.
ಗಂಟಲು ಕೆಳಗಿಳಿದ ಮೆಟ್ಟಿಲನ್ನು ಮತ್ತೆ ಹತ್ತಲಿಲ್ಲ.

ಟೀಡೆಮನ್ ಕೆಟ್ಟವನಾಗಿದ್ದರೆ ಸುಲಭವಿತ್ತು.
ಉಳುಕಿದ ನನ್ನ ಕಾಲಿಗೆ ಮಂಡಿಯೂರಿ ಪಟ್ಟಿ ಸುತ್ತಿದ್ದ;
ಹುಟ್ಟುಹಬ್ಬಕ್ಕೆ ಅವನ ಹೆಂಡತಿ ಮಾಡಿದ
ಪ್ಲಮ್ ಕೇಕು ತಂದಿದ್ದ, ಬಿಸಿಯಾರದಂತೆ ಕೋಟಿನೊಳಗಿಟ್ಟು.
ಅದೇ ಅಂಗೈಯಲ್ಲೇ ಬೆಳಗಿನ ಚಹಾದ ಜೊತೆ
ತಿಳಿನೀಲಿ, ಎರಡು.
ವಿಟಮಿನ್, ಮಗಳೇ. ನುಂಗು. ನಾಲಿಗೆ ಎತ್ತು.
ಜಾಣೆ.

ಇಪ್ಪತ್ತೆರಡಕ್ಕೆ ಮಾತ್ರೆ ನಿಂತಿತು.
ಮೈಗೆ ಅದನ್ನು ಯಾರೂ ಹೇಳಲಿಲ್ಲ.
ಗದ್ದದ ಕೂದಲು ಈಗಲೂ ಬೆಳಿಗ್ಗೆ ನನಗಿಂತ ಮೊದಲು ಏಳುತ್ತದೆ.
ಸೊಂಟದ ಕೀಲು ಲೋಹದ್ದು, ಎರಡನೆಯದು.
ಯಕೃತ್ತಿನ ಮೇಲೊಂದು ಗಂಟು; ಡಾಕ್ಟರು ವರ್ಷಕ್ಕೊಮ್ಮೆ
ಬಾಡಿಗೆಯವರನ್ನು ವಿಚಾರಿಸುವಂತೆ ಅದನ್ನು ವಿಚಾರಿಸುತ್ತಾರೆ.
ಮುಟ್ಟು ಬಂತು, ಹೋಯಿತು, ಹೇಳದೆ ಕೇಳದೆ.
ಎರಡು ಸಲ ಬಸಿರು ನಿಂತಿತು.
ಎರಡು ಸಲವೂ ನಿಲ್ಲಲಿಲ್ಲ.
ಅದರ ಬಗ್ಗೆ ಇಷ್ಟೇ.

ಗೋಡೆ ಬಿದ್ದ ನಾಲ್ಕನೆಯ ವರ್ಷ
ಕಚೇರಿಯೊಂದರ ಉದ್ದ ಮೇಜಿನಲ್ಲಿ ನನ್ನನ್ನು ಓದಲು ಕೊಟ್ಟರು.
ನನ್ನ ಹೆಸರು ಕ್ರೀಡಾಪಟು ೧೧೭.
ಮಿಲಿಗ್ರಾಂಗಳ ಎದುರು ತಾರೀಖು, ತಾರೀಖಿನ ಎದುರು ಮೀಟರು.
ಅಂಚಿನಲ್ಲಿ, ಯಾರದೋ ದುಂಡು ಅಕ್ಷರದಲ್ಲಿ:
*ಧ್ವನಿ ಬದಲಾವಣೆ ಸ್ಪಷ್ಟ. ಮುಂದುವರಿಸಬಹುದು.*
ಮುಂದುವರಿಸಬಹುದು.
ಆ ಪದದ ಕೆಳಗೆ ಗೆರೆ ಕೂಡ ಎಳೆದಿರಲಿಲ್ಲ.

ನಾನು ಎನ್ನುವವರೆಗೆ ತೊಂದರೆಯಿಲ್ಲ.
ಬಂದೆ, ಉಂಡೆ, ಎಸೆದೆ:
ಅದರಲ್ಲಿ ಗಂಡಿಲ್ಲ, ಹೆಣ್ಣಿಲ್ಲ.
ಬೇರೆಯವರು ನನ್ನ ಬಗ್ಗೆ ಬಾಯಿ ತೆರೆದಾಗಲೇ ನೋಡಿ,
ಕ್ರಿಯಾಪದದ ಬಾಲ ಹಿಡಿದು ತಡವರಿಸುತ್ತಾರೆ.
ಬ್ಯಾಂಕಿನ ಹುಡುಗಿ ಹೇಳುತ್ತಾಳೆ:
ಖಾತೆ ನಿಮ್ಮ ಹೆಂಡತಿಯ ಹೆಸರಿನಲ್ಲಿದೆ ಸರ್,
ಫೋನ್ ಅವರಿಗೇ ಕೊಡಿ.
ಒಂದು ನಿಮಿಷ, ಎನ್ನುತ್ತೇನೆ.
ರಿಸೀವರನ್ನು ಮೇಜಿನ ಮೇಲಿಟ್ಟು, ಗಡಿಯಾರ ನೋಡಿ,
ಮತ್ತೆ ಎತ್ತಿಕೊಂಡು ಪಿಸುಗುಡುತ್ತೇನೆ:
ಹಲೋ, ಹೈಡ್ರುನ್ ಪ್ಯಾಗೆಲ್.
ಪಿಸುಮಾತನ್ನು ಯಾರೂ ಸರ್ ಅನ್ನುವುದಿಲ್ಲ.

ಕೊನೆಗಾಲಕ್ಕೆ ಅಮ್ಮನ ಕಿವಿಯಿಂದ
ಮೇಲಿನ ದನಿಗಳೆಲ್ಲ ಒಂದೊಂದಾಗಿ ಇಳಿದುಹೋದವು.
ಮೊದಲು ಕಿಟಕಿಯ ಹಕ್ಕಿಗಳು. ಆಮೇಲೆ ಕೆಟಲಿನ ಸೀಟಿ.
ಆಮೇಲೆ ಆಶ್ರಮದ ನರ್ಸಮ್ಮಂದಿರು,
ಅವಳ ಮುಖದೆದುರು ಮೀನುಗಳಂತೆ ಬಾಯಾಡಿಸಿ ಸೋತು ಹೋಗುವರು.
ನಾನು ಕೂತು, ಕೂಗದೆ, ಹತ್ತಿರವೂ ಹೋಗದೆ,
ಸೂಪು ಆರುತ್ತಿದೆ, ಅಂದೆ.

ತಿರುಗಿದಳು.
ಕೇಳಿಸಿತ್ತು.
ಇಡೀ ಮಹಡಿಯಲ್ಲಿ ನನ್ನದೊಂದೇ.

ಯಾರು ಅಂತ ಕೇಳಲಿಲ್ಲ ಈ ಸಲ.
ಹಲ್ಲಿಲ್ಲದ ಬಾಯಲ್ಲಿ ನಕ್ಕು, ಕೈ ಚಾಚಿ,
ಎರ್ವಿನ್, ಅಂದಳು. ನನ್ನ ಅಪ್ಪನ ಹೆಸರು,
ಮೂವತ್ತೊಂದು ವರ್ಷಗಳಿಂದ ಯಾರೂ ಕರೆಯದ ಹೆಸರು.
ಎರ್ವಿನ್, ಬಂದೆಯಾ?

ಚಮಚ ನನ್ನ ಕೈಯಲ್ಲಿತ್ತು.
ಓ, ಅಂದೆ.