ಎರಡು ಕಿಟಕಿ

ರಾತ್ರಿ ಹನ್ನೊಂದು, ವಿದ್ಯಾನಗರ.
ಒಂದು ಸಾಲು ಹೊಡದೆ.
ಬ್ಯಾಡಗಿ ಪ್ಯಾಟಿ ಸರ್ವರ್ ಕೇಳ್ತು: ಯಾರು?
ಪಾಸ್‌ವರ್ಡ್ ಒತ್ತಿದೆ. ಪರದೆ ಮ್ಯಾಲ
ಒಂದು ಚುಕ್ಕಿನೂ ಮೂಡಲಿಲ್ಲ,
ಕತ್ತಲಾಗ ಚಿಲಕ ತಡವಿದಂಗ.

ಒಳಗ ಹೋದೆ. ನಾಳಿನ ಟೆಂಡರಿನ ಚೀಲಾ
ಸಾಲಾಗಿ ಇಳದು ಬಂದ್ವು:
ಡಬ್ಬಿ, ಕಡ್ಡಿ, ತೂಕ, ಲಾಟ್ ನಂಬರ್.
ಘಾಟು ಮಾತ್ರ ಇಲ್ಲ.

ಕೆಲಸ ಮುಗೀತು. ನಿದ್ದಿಗಣ್ಣಾಗ
ನನ್ನ ಯಂತ್ರ ಅಂತ ತಿಳದು
ಅದನ್ನ ಆರಿಸಿಬಿಟ್ಟೆ.

ಎರಡೂ ಕಿಟಕಿ ಕರೀವು. ಎರಡರಾಗೂ
ಮಿಣುಕೋದು ಅದ ಕರ್ಸರ್.

ಎಂಬತ್ತು ಕಿಲೋಮೀಟರ್ ಆಚೆ
ಗುಂಡಿ ಒತ್ತೂ ಆಜ್ಞೆ ಯಾವುದೂ ಇಲ್ಲ;
ಫೋನ್ ಹಚ್ಚಿದೆ.
ವಾಚ್‌ಮನ್ ಮಾಬುಸಾಬ ಬೀಗ ತಗದ,
ಚೀಲ ದಾಟಿದ,
‘ಯಾವ ಗುಂಡಿರೀ, ದೊಡ್ಡದೋ ಸಣ್ಣದೋ?’ ಅಂದ,
ಮೂರು ಸಲ ಸೀನಿದ,

‘ಹಾಂ, ಹತ್ತೇತಿ ನೋಡ್ರಿ.’