ಉದ್ರಿ ವಹಿ

ಮುಂದಿನ ಹಾಳ್ಯಾಗ ಮಂದಿ ನನಗ ಕೊಡೂದು ಬರೀತೀನಿ:
ಗುರುಬಾಯಿ, ಫಾಲ್ ಎರಡು, ಪಿಕೋ ಒಂದು,
ನೂರಾ ಎಪ್ಪತ್ತು. ಐವತ್ತು ಬಂದದ.
ಸ್ಟೇಷನ್ ಹಿಂದಿನ ಕಾಶಿಬಾಯಿ, ಜಂಪರ್ ಒಂದು,
ತೋಳು ಬಿಗಿ ಆಯ್ತಂತ ರೊಕ್ಕ ಹಿಡದಾಳ.

ವಹಿ ತಿರುವಿ ಹಿಡದ್ರ
ಹಿಂದಿನ ಹಾಳಿ ಬ್ಯಾರೆ.
ಅಲ್ಲಿ ನಾ ಕೊಡೂದು.
ಯಾರಿಗಂತ ಗೊತ್ತಿಲ್ಲ,
ಹೆಸರಿನ ಜಾಗ ಖಾಲಿ ಬಿಟ್ಟೀನಿ.

ಶುರು ಆಗಿದ್ದು ಒಂದು ಸಾದಾ ಮಂಗಳವಾರ.
ಬಾಬಿನ್ ತುಂಬಲತ್ತಿದ್ದೆ. ಸಿಮಿಟ್ ಹೇರಿದ ಗೂಡ್ಸ್ ಗಾಡಿ
ಶಹಾಬಾದ ದಾಟಿ ವಾಡಿ ಕಡಿ ಹೊಂಟಿತ್ತು.
ಮೇಜಿನ ಮ್ಯಾಲಿನ ಗುಂಡುಸೂಜಿ ಎಲ್ಲ
ಗಾಡಿ ಹೋಗೂ ತನಕ ಸಣ್ಣಗ ಕುಣದ್ವು,
ಹೋದ ಮ್ಯಾಲ ಒಂದೇ ಕಡಿ ಮಾರಿ ಮಾಡಿ ಮಲಗಿದ್ವು.
ಹನ್ನೆರಡು ವರ್ಷದಿಂದ ಕುಣೀಲತ್ತಾವ ಅವು.
ನಾ ನೋಡಿದ್ದು ಅವತ್ತ.
ಹೇಳ್ಲಿಕ್ಕ ಬಾಜೂಕ ಯಾರೂ ಇರಲಿಲ್ಲ,
ಕೈಯಾಗ ಪೆನ್ನಿತ್ತು.

ಆಮ್ಯಾಲ ರೂಢಿ ಬಿತ್ತು.
ಖಾರದ ಗಿರಣಿಯಿಂದ ಬಂದ ಹೆಂಗಸು ಸೀನಿದ್ದು,
ನಗತ ನಗತ ಮತ್ತ ಸೀನಿದ್ದು.
ಎರಡು ರೂಪಾಯಿ ಶ್ಯಾಂಪೂ ಚೀಟಿ ಗಾಳಿಗೆ ಎದ್ದು
ಹೊಸ್ತಿಲ ದಾಟಿ ಒಳಗ ಬಂದು
ಗಿರಾಕಿಯಂಗ ನಿಂತಿದ್ದು.
ಅತ್ತಿ ಕನ್ನಡಕ ಇಲ್ಲದ ಜ್ವಾಳ ಹಸನು ಮಾಡೂದು,
ಸಿಕ್ಕ ಹರಳು ಒಗೀದೆ
ಕಿಟಕಿ ಮ್ಯಾಲ ಸಾಲಾಗಿ ಇಡೂದು.
"ಯಾಕ ಇಡ್ತೀರಿ?" ಅಂದೆ.
"ಸುಮ್ನ," ಅಂದ್ರು.
ಅದನ್ನೂ ಬರಕೊಂಡೆ.

ಚಂದಮ್ಮ ಬಂದಳು ಒಂದಿನ. ಹಸರು ಸೀರಿ, ಹಳದಿ ಅಂಚು.
ದಾರದ ಡಬ್ಬಿ ಅಕಿ ಮುಂದ ಸುರುವಿದೆ.
"ಇದಲ್ಲ. ಇದೂ ಅಲ್ಲ.
ತೊಗರಿ ಹೂ ಅರಳಿ ಮೂರನೇ ದಿನಕ್ಕ ಆಗ್ತದಲ್ಲ, ಆ ಹಳದಿ."
ನನ್ನ ಹಂತ್ಯಾಕ ಏಳು ಹಳದಿ ಇದ್ವು,
ಮೂರನೇ ದಿನದ್ದು ಇರಲಿಲ್ಲ.
ಮನಸಿನ್ಯಾಗ ಬೈದೆ, ಖರೇ.
ಆದ್ರ ಅಕಿ ಹೋದ ಮ್ಯಾಲ
ಕಂಡಿದ್ದೆಲ್ಲ ಹಚ್ಚಿ ನೋಡ್ಲಿಕ್ಕ ಹತ್ತಿದೆ:
ಆಟೋದ ಟಾಪು, ಹೆಚ್ಚಾಯ್ತು.
ಬ್ಯಾಳಿ ಸಾರು, ಕಡಿಮಿ.
ಪೋಸ್ಟಿನ ಲಕೋಟಿ, ಸಮೀಪ ಬಂದು ತಪ್ಪಿತು.
ಎದುರಿನ ಮನಿ ಗ್ವಾಡಿ, ಐದಕ್ಕ ಹತ್ತು ನಿಮಿಷ ಇದ್ದಾಗ...
ತಡೀರಿ, ಅದನ್ನ ಆಮ್ಯಾಲ ಹೇಳ್ತೀನಿ.

ಅಂಗಡಿ ಮುಂದ ಫರಸಿ ಹಾಸೀವಿ, ನಮ್ಮೂರ ಕಲ್ಲೇ.
ಮೇ ತಿಂಗಳದಾಗ ರೊಟ್ಟಿ ಹಂಚಿನಂಗ ಕಾಯ್ತದ.
ಇವತ್ತ ಮಧ್ಯಾಹ್ನ ಬಾಜೂ ಮನಿ ಮುಬೀನಾ,
ಆರು ವರ್ಷದಕಿ, ಚೊಂಬು ನೀರು ಇಟಗೊಂಡು
ಬೆರಳಿಲೇ ಕುದುರಿ ಬರೀಲತ್ತಿದ್ದಳು.
ಬಾಲದಿಂದ ಶುರು.
ಹೊಟ್ಟಿ ತನಕ ಬರೂದ್ರಾಗ ಬಾಲ ಆರಿತು.
ಕಿವಿ ಬರಿಯೂ ಹೊತ್ತಿಗೆ ಹಿಂಗಾಲು ಇರಲಿಲ್ಲ.
ಅಳ್ತಾಳಂತ ಮಾಡಿದ್ದೆ. ಅಕಿ
ಓಡಿ ಹಿಂದ ಹೋಗಿ ಬಾಲ ಮತ್ತ ಬರದಳು,
ಮುಂದ ಬಂದು ಮಾರಿ, ಹಿಂದ ಹೋಗಿ ಕಾಲು,
ಮುಂದ, ಹಿಂದ, ಮುಂದ,
ಚೊಂಬು ಬರಿದಾಗೂ ತನಕ.
"ನೋಡ್ರಿ ಖಾಲಾ, ಓಡ್ಲತ್ತದ!"

ಹೌದು, ಓಡ್ಲತ್ತಿತ್ತು.
ನನ್ನ ಮಷೀನಿನ ಸೂಜಿ ಎತ್ತಿದ್ದು
ಹಂಗೇ ಎತ್ತಿ ನಿಂತಿತ್ತು.

ನಾಕೂವರಿಗೆ ವಹಿ ತೆಗದೆ, ಹಿಂದಿನ ಹಾಳಿ.
ಬರದೆ: ಕುದುರಿ, ಒಂದು. ನೀರು, ಒಂದು ಚೊಂಬು.
ರೊಕ್ಕದ ಸಾಲಿನ್ಯಾಗ ಏನು ಹಾಕೂದು ತಿಳೀಲಿಲ್ಲ.
ಪೆನ್ನು ಊರಿ ಕುಂತಾಗ ಗಾಡಿ ಬಂತು,
ಗುಂಡುಸೂಜಿ ಎದ್ವು,
ಅಕ್ಷರ ಸೊಟ್ಟ ಆದ್ವು.

ಬಾಗಲದಾಗ ಚಂದಮ್ಮ.
"ಸಿಕ್ತೇನ ದಾರ?"
"ಇನ್ನೂ ಇಲ್ಲ. ಕುಂದ್ರು," ಅಂದೆ.
"ಆ ಗ್ವಾಡಿ ನೋಡ್ಕೋತ ಇರು.
ಇನ್ನ ಸ್ವಲ್ಪ ಹೊತ್ತಿಗೆ ಬಿಸಲು ಅಲ್ಲಿಗೆ ಬರ್ತದ.
ಬಂದಾಗ ನೀನೇ ಹೇಳು,
ಅದೇ ಹಳದಿ ಹೌದೋ ಅಲ್ಲೋ."

ಅಕಿ ಸಂತಿ ಚೀಲ ಕೆಳಗಿಟ್ಟು
ಸೆರಗಿಲೇ ಬೆವರು ಒರಸ್ಕೊಂಡು
ಕುಂತಳು.